ಕೆಜ್ಜಿ ಹತ್ತಿದ ಗೇಟು

ಉದ್ದಹೊಲದ ಮೇಲ್ತುದಿಯಲ್ಲಿ, ಚರ್ಚಿನ ಗೋಡೆಗೆ ಸ್ವಲ್ಪ ಈಚೆ, ಒಂದು ಬೆಂಚು ಹಾಕಿದ್ದಾರೆ. ಒಳ್ಳೆಯ ಓಕ್ ಮರದ್ದು. ಬೆಂಚಿನ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟೆಲ್ಲ ಅದರ ಬೆನ್ನಿಗೆ ಬಡಿದಿರುವ ಹಿತ್ತಾಳೆ ತಗಡಿನ ಮೇಲೆ. ‘ಈ ಕಾಲುದಾರಿಯನ್ನು ಊರಿಗೆ ಉಳಿಸಿಕೊಟ್ಟ ಗ್ರಾಮಸಭೆಯ ಅಧ್ಯಕ್ಷ ವಾಲ್ಟರ್ ಪ್ರಿಂಗಲ್ ಅವರಿಗೆ, ಕೃತಜ್ಞತೆಯಿಂದ’ ಎಂದು ಅದರಲ್ಲಿ ಕೊರೆಸಿದ್ದಾರೆ. ಕೃತಜ್ಞತೆಯಂತೆ! ವಾಲ್ಟರ್ ಪ್ರಿಂಗಲ್ ಹುಟ್ಟಿದಾಗಿನಿಂದ ಉಳಿಸಿಕೊಂಡು ಬಂದದ್ದು ತನ್ನ ಚರ್ಮವನ್ನು ಮಾತ್ರ. ದಾರಿಯನ್ನು ಉಳಿಸಿದವಳು ಕೆಜ್ಜಿ ಪಡ್ನಿ. ಅವಳ ಹೆಸರು ಸಮಾಧಿಯ ಕಲ್ಲೊಂದನ್ನು ಬಿಟ್ಟರೆ ಈ ಊರಿನಲ್ಲಿ ಇನ್ನೆಲ್ಲೂ ಇಲ್ಲ.

ನಾನು ಲೆಟ್ಟಿ. ಚರ್ಚಿನ ಎದುರಿನ ಅಂಗಡಿ ನನ್ನದು, ನನಗಿಂತ ಮೊದಲು ನಮ್ಮಮ್ಮನದು. ಮೆಲ್ಬಿಯಲ್ಲಿ ಯಾರ ಮನೆಯಲ್ಲಿ ಚಹಾಪುಡಿ ಮುಗಿಯಿತು, ಯಾರ ಮನೆಯಲ್ಲಿ ಗಂಡಹೆಂಡಿರ ಮಾತು ಮುಗಿಯಿತು, ಎರಡೂ ನನ್ನ ಗಲ್ಲಾಪೆಟ್ಟಿಗೆಯ ಮುಂದೆಯೇ ಗೊತ್ತಾಗುತ್ತದೆ. ಅದಕ್ಕೇ ಹೇಳುತ್ತೇನೆ, ಆ ತಗಡು ಹಸಿಸುಳ್ಳು.

ಮೆಲ್ಬಿ ಹೆಸರಿಗೆ ಒಂದೂರು, ಇರುವುದು ಎರಡು ತುಂಡಾಗಿ. ಚರ್ಚು, ಶಾಲೆ, ಪಬ್ಬು, ನನ್ನ ಅಂಗಡಿ ಎಲ್ಲ ದಿಬ್ಬದ ಮೇಲೆ. ಹೊಲದಲ್ಲಿ ದುಡಿಯುವವರ ಮನೆಗಳು ಕೆಳಗೆ ಹಳ್ಳದ ಪಕ್ಕದಲ್ಲಿ, ಅದು ಕೆಳಕೇರಿ. ನಡುವೆ ದೊಡ್ಡಮನೆಯ ಥ್ರೇಲ್ ಕುಟುಂಬದವರ ಉದ್ದಹೊಲ. ಆ ಹೊಲಕ್ಕೆ ಅಡ್ಡಲಾಗಿ ಒಂದು ಕಾಲುದಾರಿ, ದಾರಿ ಮುಗಿಯುವಲ್ಲಿ ಐದು ಅಡ್ಡಪಟ್ಟಿಯ ಮರದ ಗೇಟು. ಆ ದಾರಿಯಲ್ಲಿ ಹತ್ತಿದರೆ ಕೆಳಕೇರಿಯ ಮಗು ಬಾಯಲ್ಲಿನ ಬ್ರೆಡ್ಡು ನುಂಗಿ ಮುಗಿಸುವಷ್ಟರಲ್ಲಿ ಶಾಲೆಯ ಬಾಗಿಲಲ್ಲಿರುತ್ತದೆ. ಆ ದಾರಿ ಇಲ್ಲವೆಂದರೆ ಗಿರಣಿ ಸೇತುವೆ ಸುತ್ತಿ ಬರಬೇಕು. ಚಳಿಗಾಲದಲ್ಲಿ ಹಳ್ಳ ಉಕ್ಕಿ ಸೇತುವೆಯ ಮೇಲೇ ಹರಿಯುತ್ತದೆ. ಶಾಲೆಗೆ ಮಕ್ಕಳು, ಹೆರಿಗೆಗೆ ಸೂಲಗಿತ್ತಿ, ಚರ್ಚಿಗೆ ಮದುಮಗಳು, ಮಣ್ಣಿಗೆ ಹೆಣ, ಎಲ್ಲಕ್ಕೂ ಅದೊಂದೇ ದಾರಿ.

ವರ್ಷವಿಡೀ ಆ ಗೇಟಿಗೆ ಬರೀ ಕೊಂಡಿ. ಕ್ರಿಸ್‌ಮಸ್ ದಿನ ಮಾತ್ರ ದೊಡ್ಡಮನೆಯ ಕಾವಲುಗಾರ ಬೆಳಿಗ್ಗೆಯೇ ಬಂದು ಸರಪಳಿ ಸುತ್ತಿ ಬೀಗ ಜಡಿಯುತ್ತಿದ್ದ, ಹೊತ್ತು ಮುಳುಗಿದ ಮೇಲೆ ತೆಗೆಯುತ್ತಿದ್ದ. ಯಾಕೆ ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ಅದೇ ದಿನ ದೊಡ್ಡಮನೆಯ ಗಾಡಿ ಕೆಳಕೇರಿಗೆ ಹೋಗಿ ಮನೆಗೊಂದು ಪ್ಲಮ್ ಪುಡಿಂಗ್ ಹಂಚಿ ಬರುತ್ತಿತ್ತು. ಬಾಯಿ ತುಂಬ ಪುಡಿಂಗ್ ಇದ್ದವರು ಪ್ರಶ್ನೆ ಕೇಳುವುದಾದರೂ ಹೇಗೆ? "ಹಬ್ಬದ ದಿನ ಧಣಿಗಳ ಹೊಲ ತುಳೀಬಾರ್ದು ಕಣ್ರಿ, ಅದೊಂದು ಮರ್ಯಾದೆ," ಎಂದು ತಮಗೆ ತಾವೇ ಹೇಳಿಕೊಂಡು ಕೆಳಕೇರಿಯ ಗಂಡಸರೂ ಹೆಂಗಸರೂ ಹಬ್ಬದ ಬಟ್ಟೆಯಲ್ಲಿ ಕೆಸರು ತುಳಿದುಕೊಂಡು ಸುತ್ತುದಾರಿ ಹಿಡಿಯುತ್ತಿದ್ದರು. ನೀರು ಏರಿದ ವರ್ಷ ಚರ್ಚನ್ನೇ ಬಿಟ್ಟು ಮನೆಯಲ್ಲಿ ಕೂರುತ್ತಿದ್ದರು. ಅಪ್ಪ ಹೀಗೆ ಮಾಡಿದ, ಮಗ ಹೀಗೆ ಮಾಡಿದ, ಅದೊಂದು ಸಂಪ್ರದಾಯವೇ ಆಗಿಹೋಯಿತು.

ಕೆಜ್ಜಿಯ ನಿಜವಾದ ಹೆಸರು ಕೆಜಾಯಾ. ಅಷ್ಟುದ್ದದ ಹೆಸರನ್ನು ಪಾದ್ರಿ ಒಬ್ಬರು ಬಿಟ್ಟರೆ ಯಾರೂ ಕರೆಯುತ್ತಿರಲಿಲ್ಲ. ಕೆಳಕೇರಿಯ ಕೊನೆಯ ಮನೆ ಅವಳದು. ಉಳಿದ ಮನೆಗಳೆಲ್ಲ ದೊಡ್ಡಮನೆಗೆ ಸೇರಿದವು, ಕೆಲಸ ಇರುವವರೆಗೆ ಮನೆ, ಕೆಲಸ ಹೋದರೆ ಬೀದಿ. ಕೆಜ್ಜಿಯ ಮನೆ ಮಾತ್ರ ಅವಳ ತಾತ ರಸ್ತೆಯಂಚಿನ ಯಾರದೂ ಅಲ್ಲದ ಜಾಗದಲ್ಲಿ ತಾನೇ ಮಣ್ಣು ಕಲಸಿ ಕಟ್ಟಿದ್ದು. ಅದಕ್ಕೇ ಅವಳ ಬಾಯಿಗೆ ಬೀಗ ಇರಲಿಲ್ಲ ಎಂದು ಜನ ಹೇಳುತ್ತಾರೆ. ಇರಬಹುದು. ಆದರೆ ವಾಲ್ಟರ್ ಪ್ರಿಂಗಲ್‌ಗೆ ಸ್ವಂತ ಮನೆ ಎರಡಿವೆ, ಅವನ ಬಾಯಿಂದ ಏನು ಬಂತು?

ಅವಳ ಗಂಡ ಟಾಮ್ ಗಾಡಿ ಹೊಡೆಯುವವನು. ಮದುವೆಯಾಗಿ ಒಂದು ಹೆಣ್ಣುಮಗು, ನೆಲ್. ಇನ್ನೂ ಸರಿಯಾಗಿ ಮಾತು ಬಾರದ ಕೂಸು ಒಂದು ಶರತ್ಕಾಲದಲ್ಲಿ ಗಂಟಲು ಕಟ್ಟಿಕೊಂಡು ಹೋಗಿಬಿಟ್ಟಿತು. ಚರ್ಚಿನ ಹಿಂಬದಿ, ಬಿಸಿಲು ಬೀಳದ ಕಡೆ ಮಣ್ಣು ಮಾಡಿದರು. ಆಮೇಲೆ ಮೊದಲ ಮಹಾಯುದ್ಧ ಬಂತು, ಟಾಮ್ ಫ್ರಾನ್ಸಿನ ಕೆಸರಿನಲ್ಲಿ ಎಲ್ಲೋ ಸೇರಿಹೋದ. ಅವನಿಗೆ ಗೋರಿಯೂ ಇಲ್ಲ. ಕೆಜ್ಜಿಗೆ ಹೋಗಿ ನಿಲ್ಲಲು ಈ ಭೂಮಿಯ ಮೇಲೆ ಉಳಿದದ್ದು ಮಗುವಿನ ಆ ಮೊಳದಗಲದ ಜಾಗ ಒಂದೇ. ಹೊಟ್ಟೆಪಾಡಿಗೆ ದಿಬ್ಬದ ಮೇಲಿನವರ ಬಟ್ಟೆ ಒಗೆಯುತ್ತಿದ್ದಳು. ಬುಟ್ಟಿ ಸೊಂಟದ ಮೇಲಿಟ್ಟುಕೊಂಡು ಆ ಕಾಲುದಾರಿಯಲ್ಲಿ ದಿನಾ ಹತ್ತುತ್ತಿದ್ದಳು, ದಿನಾ ಇಳಿಯುತ್ತಿದ್ದಳು.

ನಮ್ಮಲ್ಲಿ ಕ್ರಿಸ್‌ಮಸ್ ಬೆಳಿಗ್ಗೆ ಸತ್ತವರ ಗೋರಿಯ ಮೇಲೆ ಹಾಲಿ ಗಿಡದ ಕೊಂಬೆ ಇಡುತ್ತಾರೆ. ಮುಳ್ಳಿನ ಎಲೆ, ಕೆಂಪು ಹಣ್ಣು. ನೆಲ್ ಹೋದ ವರ್ಷದ ಕ್ರಿಸ್‌ಮಸ್‌ಗೆ ಕೆಜ್ಜಿಯೂ ಕೊಂಬೆ ಕಟ್ಟಿಕೊಂಡು ಹೊರಟಳು. ಗಿರಣಿ ಸೇತುವೆಯ ಮೇಲೆ ನೀರು, ಇಲ್ಲಿ ಗೇಟಿಗೆ ಬೀಗ. ಅವಳು ಬುಟ್ಟಿಯನ್ನು ಆಚೆ ಎಸೆದು ಗೇಟು ಹತ್ತಿದಳು. ಕಾವಲುಗಾರ ಜೇಬೆಜ್ ಹಂಟ್ಲಿ ಆಗಿನ್ನೂ ಮೀಸೆ ಚಿಗುರಿದವನು, ಹೊಸ ಕೆಲಸ, ಹೊಸ ಟೋಪಿ. ಓಡಿಬಂದು ಅವಳ ಲಂಗದ ಅಂಚು ಹಿಡಿದುಕೊಂಡ. ಮುಂದಿನದನ್ನು ಕೆಜ್ಜಿಯೇ ನಮ್ಮ ಅಂಗಡಿಯಲ್ಲಿ ನಿಂತು ಅದೆಷ್ಟು ಸಲ ಹೇಳಿದ್ದಾಳೋ.

"ಮಿಸೆಸ್ ಪಡ್ನಿ, ಇಳೀರಿ ಕೆಳಗೆ. ಇವತ್ತು ದಾರಿ ಇಲ್ಲ."

"ನಿನ್ನೆ ಇತ್ತಾ?"

"ಇತ್ತು."

"ನಾಳೆ ಇರುತ್ತಾ?"

"ಇರುತ್ತೆ."

"ಮತ್ತೆ ಇವತ್ತೊಂದಿನ ಎಲ್ಲಿಗೆ ಹೋಯ್ತೋ, ನೆಂಟರ ಮನೆಗಾ? ಬಿಡೋ ಲಂಗ!"

ಅವನು ಬಿಡಲಿಲ್ಲ. ಅವಳು ಕೈಯಲ್ಲಿದ್ದ ಹಾಲಿ ಕೊಂಬೆಯಿಂದಲೇ ಅವನ ಮೂತಿಗೆ ಬಾರಿಸಿ ಆಚೆ ಧುಮುಕಿದಳು. ಹೋಗಿ ಅದೇ ಕೊಂಬೆಯನ್ನು ಮಗುವಿನ ಮೇಲಿಟ್ಟು, ಬಂದ ದಾರಿಯಲ್ಲೇ ಮತ್ತೆ ಗೇಟು ಹತ್ತಿ ಮನೆಗೆ ಹೋದಳು.

ಅದಾದ ಮೇಲೆ ಪ್ರತಿ ಕ್ರಿಸ್‌ಮಸ್‌ಗೂ ಹತ್ತಿದಳು. ಸೇತುವೆ ಒಣಗಿದ್ದ ವರ್ಷವೂ ಹತ್ತಿದಳು. ಟಾಮ್ ಹೋದ ವರ್ಷ ಕರಿಬಟ್ಟೆಯಲ್ಲಿ ಹತ್ತಿದಳು. ಮಂಡಿನೋವು ಬಂದ ಮೇಲೂ, ಎರಡನೆಯ ಯುದ್ಧ ಬಂದು ಹೋದ ಮೇಲೂ ಹತ್ತಿದಳು. ಅವಳ ಮನೆ ಬಾಗಿಲಿಗೂ ಪುಡಿಂಗ್ ಬರುತ್ತಿತ್ತು. ತೆಗೆದು ಹಂದಿಗೆ ಹಾಕುತ್ತಿದ್ದಳು. ಊರಿಗೆ ಅದೊಂದು ತಮಾಷೆ. ಡಿಸೆಂಬರ್ ಬಂತೆಂದರೆ ನನ್ನ ಅಂಗಡಿಯಲ್ಲಿ ಅವಳನ್ನು ಆಡಿಕೊಳ್ಳದ ಬಾಯಿಲ್ಲ.

"ಏನ್ ಕೆಜ್ಜಿ, ಈ ವರ್ಷಾನೂ ಕುದುರೆ ಏರ್ತೀಯಾ?" ಎಂದು ಕೇಳುತ್ತಿದ್ದವನು ಆಲ್ಬರ್ಟ್ ಸ್ನೆಲ್. ಅವಳ ಪಕ್ಕದ ಮನೆಯವನು, ದೊಡ್ಡಮನೆಯಲ್ಲಿ ನೇಗಿಲು ಹಿಡಿಯುತ್ತಿದ್ದವನು.

"ಏರ್ತೀನಪ್ಪ. ನೀನು ಕೂತ್ಕೊಂಡು ಪುಡಿಂಗ್ ತಿನ್ನು. ಒಣದ್ರಾಕ್ಷಿ ಗಂಟಲಲ್ಲಿ ಸಿಕ್ಕೊಂಡೀತು, ಹುಷಾರು."

"ಧಣಿಗಳು ಮುನಿಸ್ಕೊಂಡ್ರೆ?"

"ಮುನಿಸ್ಕೊಳ್ಳಲಿ. ನನ್ನ ಮಗಳನ್ನ ನೋಡೋಕೆ ಅವನ ಅಪ್ಪಣೆ ಯಾಕೋ ನಂಗೆ?"

ಜನ ನಗುತ್ತಿದ್ದರು. ತಲೆ ಸ್ವಲ್ಪ ಸಡಿಲ, ಮಗು ಹೋದಾಗಿನಿಂದ ಹೀಗೇ, ಪಾಪ ಎನ್ನುತ್ತಿದ್ದರು. ಆ ‘ಪಾಪ’ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಡೀ ಊರಿನಲ್ಲಿ ತಲೆ ನೆಟ್ಟಗಿದ್ದದ್ದು ಅವಳೊಬ್ಬಳಿಗೆ.

ಯುದ್ಧ ಮುಗಿದು ಕೆಲವು ವರ್ಷಕ್ಕೆ ಹಳೆಯ ಥ್ರೇಲ್ ಸತ್ತು ಮಗ ಬಂದ. ಕಿರಿಯ ಥ್ರೇಲ್‌ಗೆ ಊರಿಗಿಂತ ಪಟ್ಟಣದ ಗಾಳಿ ಹೆಚ್ಚು. ಅವನು ಮಾಡಿದ ಮೊದಲ ಘನಕಾರ್ಯವೆಂದರೆ ಆ ಗೇಟಿಗೆ ಬೀಗ ಹಾಕಿ, ಕೀಲಿ ಜೇಬಿಗಿಳಿಸಿ, ‘ಖಾಸಗಿ ಜಾಗ’ ಎಂದು ಹಲಗೆ ನೆಟ್ಟದ್ದು. ಕ್ರಿಸ್‌ಮಸ್‌ಗೆ ಮಾತ್ರ ಅಲ್ಲ, ಶಾಶ್ವತವಾಗಿ. ಆ ನವೆಂಬರಿನಲ್ಲಿ ಕೆಳಕೇರಿಯ ಮಕ್ಕಳು ಸೇತುವೆಯ ನೀರಿನಲ್ಲಿ ಸೊಂಟದವರೆಗೆ ನೆನೆದು, ಹಲ್ಲು ಕಟಕಟ ಎನ್ನುತ್ತ ನನ್ನ ಅಂಗಡಿಯ ಒಲೆಯ ಮುಂದೆ ನಿಲ್ಲುತ್ತಿದ್ದವು. ನಾನು ಟವೆಲ್ಲು ಕೊಟ್ಟು ಮೈ ಒರೆಸಿ ಶಾಲೆಗೆ ಕಳಿಸುತ್ತಿದ್ದೆ. ಅವರ ಅಪ್ಪಂದಿರೋ, ದೊಡ್ಡಮನೆಯ ಮನೆಗಳಲ್ಲಿ ಉಗುಳು ನುಂಗಿಕೊಂಡು ಕೂತಿದ್ದರು.

ಅದೇ ಕಾಲಕ್ಕೆ ಸರ್ಕಾರ ಒಂದು ಹೊಸ ಕಾನೂನು ತಂದಿತ್ತು. ಊರೂರಲ್ಲೂ ಯಾವ ಕಾಲುದಾರಿ ಸಾರ್ವಜನಿಕರದು ಎಂದು ಗ್ರಾಮಸಭೆ ಹೇಳಬೇಕು, ತಕರಾರಿದ್ದರೆ ಜಿಲ್ಲೆಯಿಂದ ಅಧಿಕಾರಿ ಬಂದು ವಿಚಾರಣೆ ಮಾಡುತ್ತಾನೆ. ನಮ್ಮ ಗ್ರಾಮಸಭೆ ಎಂದರೆ ವಾಲ್ಟರ್ ಪ್ರಿಂಗಲ್, ಕಾಳಿನ ವ್ಯಾಪಾರಿ. ಅವನ ದೊಡ್ಡ ಗಿರಾಕಿ ದೊಡ್ಡಮನೆ. ಉದ್ದಹೊಲದ ದಾರಿಯ ಹೆಸರೆತ್ತಲು ಅವನಿಗೆ ನಾಲಿಗೆಯೇ ಹೊರಳಲಿಲ್ಲ. ಕೆಜ್ಜಿ ದಿನಾ ಬೆಳಿಗ್ಗೆ ಒಗೆದ ಬಟ್ಟೆಯ ಬುಟ್ಟಿಯನ್ನು ಅವನ ಮನೆಯ ಮೆಟ್ಟಿಲ ಮೇಲೆ ಕುಕ್ಕಿ ಬಾಗಿಲು ಬಡಿಯುತ್ತಿದ್ದಳು.

"ಬರೆದ್ಯಾ?"

"ನೋಡೋಣ ತಾಳಿ ಕೆಜ್ಜಿ, ಇಂಥದ್ದಕ್ಕೆಲ್ಲ ಸಮಯ ಸಂದರ್ಭ ಅಂತ..."

"ಬರಿಯೋವರೆಗೂ ನಿನ್ನ ಅಂಗಿ ಒಗಿಯಲ್ಲ. ಕೊಳಕು ಕಾಲರ್ ಹಾಕ್ಕೊಂಡು ಚರ್ಚಿಗೆ ಹೋಗು. ಊರೆಲ್ಲ ನೋಡ್ಲಿ."

ಎರಡು ಭಾನುವಾರ ಅವನು ಆ ಕಾಲರಿನಲ್ಲೇ ಚರ್ಚಿಗೆ ಬಂದ. ಮೂರನೆಯದಕ್ಕೆ ಬರೆದು ಕಳಿಸಿದ. ವಾಲ್ಟರ್ ಪ್ರಿಂಗಲ್ ದಾರಿ ಉಳಿಸಿದ ವೀರಗಾಥೆ ಇಷ್ಟೇ.

ವಿಚಾರಣೆ ಶಾಲೆಯ ಕೋಣೆಯಲ್ಲಿ ನಡೆಯಿತು. ದೊಡ್ಡವರೆಲ್ಲ ಮಕ್ಕಳ ಬೆಂಚುಗಳಲ್ಲಿ ಮಂಡಿ ಎದೆಗೆ ತಾಗುವಂತೆ ಕೂತರು. ಜಿಲ್ಲೆಯ ಅಧಿಕಾರಿಗೆ ನೆಗಡಿ, ಮೂಗು ಒರೆಸಿಕೊಳ್ಳುತ್ತ ಎಲ್ಲರನ್ನೂ ಸಮನಾಗಿ ನೋಡುತ್ತಿದ್ದ. ಕಿರಿಯ ಥ್ರೇಲ್ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಪಕ್ಕದಲ್ಲಿ ಅವನು ಲಂಡನ್ನಿಂದ ಕರೆಸಿದ ವಕೀಲ. ಆ ವಕೀಲನ ದನಿ ಎಷ್ಟು ಸಿಹಿಯೆಂದರೆ ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನಬಹುದಿತ್ತು.

ಹಿಂದಿನ ದಿನ ಪ್ರಿಂಗಲ್ ಸಾಕ್ಷಿ ಹೇಳುವವರನ್ನೆಲ್ಲ ಕೂರಿಸಿಕೊಂಡು ಬುದ್ಧಿ ಹೇಳಿದ್ದ. "ಜಗಳಗಂಟರ ಹಾಗೆ ಮಾತಾಡ್ಬೇಡಿ. ನಾವು ಸಭ್ಯರು, ಧಣಿಗಳಿಗೆ ಎಂದೂ ಎದುರಾಡಿದವರಲ್ಲ ಅಂತ ಆ ಅಧಿಕಾರಿಗೆ ಮನವರಿಕೆ ಆಗ್ಬೇಕು. ಆಗ ಕೆಲಸ ಆಗುತ್ತೆ." ಕೆಳಕೇರಿಯವರಿಗೆ ಈ ಮಾತು ಪಾದ್ರಿಯ ಉಪದೇಶದ ಹಾಗೆ ಹಿಡಿಸಿತು.

ಮೊದಲು ಆಲ್ಬರ್ಟ್ ಸ್ನೆಲ್ ಎದ್ದ. ಹುಟ್ಟಿದಾಗಿನಿಂದ ಆ ದಾರಿಯಲ್ಲೇ ಓಡಾಡಿದ್ದೇನೆ ಎಂದ. ವಕೀಲ ತಲೆದೂಗಿದ.

"ದಿನಾಲೂ ಓಡಾಡ್ತಿದ್ರಾ, ಮಿಸ್ಟರ್ ಸ್ನೆಲ್?"

"ದಿನಾಲೂ ಸ್ವಾಮಿ."

"ಕ್ರಿಸ್‌ಮಸ್ ದಿನಾನೂ?"

ಆಲ್ಬರ್ಟ್ ಎದೆ ಸೆಟೆದು ನಿಂತ. "ಛೆ ಛೆ, ಇಲ್ಲ ಸ್ವಾಮಿ! ಆವತ್ತು ಬೀಗ ಹಾಕಿರ್ತಾರಲ್ಲ! ನಮ್ಮಪ್ಪ ಹೋಗ್ಲಿಲ್ಲ, ನಾನು ಹೋಗ್ಲಿಲ್ಲ, ನನ್ನ ಮಕ್ಕಳಿಗೂ ಬಿಟ್ಟಿಲ್ಲ. ನಾವು ಮರ್ಯಾದಸ್ಥರು."

ಎರಡನೆಯವಳು ಅದನ್ನೇ ಹೇಳಿದಳು. ಮೂರನೆಯವನು ಅದಕ್ಕೆ ಪುಡಿಂಗಿನ ರುಚಿಯನ್ನೂ ಸೇರಿಸಿ ಹೇಳಿದ. ಕೊನೆಗೆ ಪ್ರಿಂಗಲ್ ಎದ್ದು, ಇಷ್ಟು ವರ್ಷದಲ್ಲಿ ಕ್ರಿಸ್‌ಮಸ್ ದಿನ ಈ ಊರಿನ ಒಬ್ಬ ಮರ್ಯಾದಸ್ಥನೂ ಆ ಗೇಟು ದಾಟಿಲ್ಲ, ಇದು ನಮ್ಮೂರಿನ ಹೆಮ್ಮೆ ಎಂದ. ಹೇಳಿ ಮುಗಿಸಿ ಸುತ್ತ ನೋಡಿದ, ಚಪ್ಪಾಳೆ ಬೀಳುತ್ತದೆಂದು ಕಾದವನ ಹಾಗೆ.

ವಕೀಲ ಮೆಲ್ಲಗೆ ಎದ್ದ. ಅಧಿಕಾರಿಯ ಕಡೆ ತಿರುಗಿ, ಸಕ್ಕರೆ ಸುರಿಸುತ್ತ ಹೇಳಿದ. "ನನಗೆ ಇನ್ನೇನೂ ಹೇಳೋದಿಲ್ಲ. ಎಲ್ಲ ಇವರೇ ಹೇಳಿದ್ರು. ವರ್ಷಕ್ಕೊಂದು ದಿನ ಮಾಲೀಕರು ದಾರಿ ಮುಚ್ತಾ ಇದ್ರು. ಊರಿನವರು ಅದನ್ನ ಒಪ್ಪಿ ಸುತ್ತಿ ಹೋಗ್ತಾ ಇದ್ರು. ಅಂದ್ರೆ ಉಳಿದ ದಿನ ಓಡಾಡಿದ್ದು ಹಕ್ಕಿನಿಂದ ಅಲ್ಲ, ಮಾಲೀಕರ ದಯೆಯಿಂದ. ದಯೆ ತೋರಿಸಿದವರು ದಯೆ ನಿಲ್ಲಿಸಬಹುದು. ಆ ಬೀಗ ಇದ್ದದ್ದೇ ಅದಕ್ಕೆ."

ಆಲ್ಬರ್ಟನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಅಪ್ಪನ ಕಾಲದಿಂದ ತಾವು ಮರ್ಯಾದೆ ಎಂದುಕೊಂಡದ್ದು ತಮ್ಮದೇ ಕುತ್ತಿಗೆಗೆ ಹಾಕಿಕೊಂಡ ಹಗ್ಗ ಎಂದು ಅವರಿಗೆ ಗೊತ್ತಾದದ್ದು ಆಗ. ನನಗೆ ಆ ವಕೀಲನ ಮೇಲೆ ಬಂದಷ್ಟೇ ಸಿಟ್ಟು ನಮ್ಮವರ ಮೇಲೂ ಬಂತು. ಒಂದು ಪುಡಿಂಗಿಗೆ ಮಕ್ಕಳ ದಾರಿಯನ್ನು ಮಾರಿಬಿಟ್ಟಿದ್ದರಲ್ಲ!

"ನಾನು ಹತ್ತಿದೀನಿ," ಎಂದಿತು ಹಿಂದಿನಿಂದ ಒಂದು ದನಿ.

ಕೆಜ್ಜಿ ಎದ್ದು ನಿಂತಿದ್ದಳು. ಅವಳು ಸಾಕ್ಷಿ ಹೇಳುವುದು ಬೇಡವೆಂದು ಪ್ರಿಂಗಲ್ ಮೊದಲೇ ತೀರ್ಮಾನಿಸಿದ್ದ, ಮಾನ ಕಳೆಯುತ್ತಾಳೆ ಎಂದು. ಅಧಿಕಾರಿ ಮೂಗು ಒರೆಸಿಕೊಂಡು ಮುಂದೆ ಬನ್ನಿ ಎಂದ. ಅವಳು ಬಂದು ನಿಂತು, ಮಗು ಹೋದ ವರ್ಷದಿಂದ ಹಿಡಿದು ಎಲ್ಲ ಹೇಳಿದಳು. ಬೀಗ ಹಾಕಿದ ಒಂದು ಕ್ರಿಸ್‌ಮಸ್ಸೂ ತಾನು ಬಿಟ್ಟಿಲ್ಲ ಎಂದಳು.

ವಕೀಲ ನಕ್ಕ. "ಅಮ್ಮಾ, ಹತ್ತಿದ್ದನ್ನ ನೋಡಿದೋರು ಯಾರು? ಗೋರಿ ಮೇಲೆ ಕೊಂಬೆ ಇತ್ತು ಅಂತೀರಿ. ಅದನ್ನ ಸುತ್ತುದಾರಿಯಲ್ಲೂ ತಂದಿರಬಹುದಲ್ಲ?"

ನಿಜವಾಗಿ ನೋಡಿದವರು ಯಾರಿದ್ದರು? ದಿಬ್ಬದ ಮೇಲಿನವರು ಆ ಹೊತ್ತಿಗೆ ಚರ್ಚಿನ ಒಳಗೆ. ಕೆಳಕೇರಿಯವರು ಸುತ್ತುದಾರಿಯಲ್ಲಿ. ಕೆಜ್ಜಿ ತಿರುಗಿ ಕೋಣೆಯ ಹಿಂದಿನ ಗೋಡೆಯ ಕಡೆ ಕೂಗಿದಳು.

"ಲೋ ಜೇಬೆಜ್! ಬಾಯಲ್ಲಿ ಏನು ಹೂಣಿಟ್ಕೊಂಡಿದೀಯೋ?"

ಎಲ್ಲರೂ ತಿರುಗಿದರು. ಜೇಬೆಜ್ ಹಂಟ್ಲಿ ಬಾಗಿಲ ಪಕ್ಕ ನಿಂತಿದ್ದ. ಈಗ ಮುದುಕ, ಹೆಂಡತಿ ಹೋಗಿದ್ದಾಳೆ, ಕೆಲಸದಿಂದ ಬಿಡಿಸಿದ್ದಾರೆ, ಕಾಡಿನಂಚಿನ ಕಾವಲು ಮನೆಯಲ್ಲಿ ಥ್ರೇಲ್ ಕುಟುಂಬದ ಕೃಪೆಯಿಂದ ಇದ್ದಾನೆ. ಕಿರಿಯ ಥ್ರೇಲ್ ಕುರ್ಚಿಯಲ್ಲೇ ಅರ್ಧ ತಿರುಗಿ ಅವನನ್ನು ನೋಡಿದ. ಆ ನೋಟದ ಅರ್ಥ ಕೋಣೆಯಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು, ಯಾಕೆಂದರೆ ಎಲ್ಲರೂ ಆ ನೋಟದ ಕೆಳಗೇ ಬಾಳಿದವರು.

ಜೇಬೆಜ್ ಟೋಪಿ ತೆಗೆದು ಮುಂದೆ ಬಂದ.

"ಹತ್ತಿದಾಳೆ ಸ್ವಾಮಿ. ಪ್ರತಿ ವರ್ಷ. ನಾನೇ ಬೀಗ ಹಾಕ್ತಿದ್ದೆ, ನಾನೇ ನೋಡ್ತಿದ್ದೆ. ಮೊದಲ ವರ್ಷ ಲಂಗ ಹಿಡ್ಕೊಂಡೆ, ಮುಖಕ್ಕೆ ಮುಳ್ಳಲ್ಲಿ ಹೊಡೆದಳು. ಇಗೋ ಗುರುತು. ಎರಡನೇ ವರ್ಷ ಕೂಗಾಡಿದೆ, ಕ್ಯಾರೇ ಅನ್ನಲಿಲ್ಲ. ಮೂರನೇ ವರ್ಷ ಅವಳ ಬುಟ್ಟಿ ಒಳಗೆ ಏನಿದೆ ಅಂತ ನೋಡ್ದೆ. ಮಗುವಿನ ಗೋರಿಗೆ ಅಂತ ಗೊತ್ತಾಯ್ತು. ಆಮೇಲಿಂದ ಅವಳು ಬಂದ್ರೆ ನಾನು ಆ ಕಡೆ ತಿರುಗ್ಕೊಂಡು ಪೈಪು ಹಚ್ತಿದ್ದೆ. ‘ದಾಟಿದ್ಯಾ?’ ಅಂತ ಕೇಳ್ತಿದ್ದೆ. ‘ದಾಟಿದೆ’ ಅನ್ನೋಳು. ಆಗ ತಿರುಗ್ತಿದ್ದೆ."

ಒಂದಿಬ್ಬರು ನಕ್ಕರು. ಅಧಿಕಾರಿ ನಗಲಿಲ್ಲ. "ಇದು ನಿಮ್ಮ ಯಜಮಾನರಿಗೆ ಗೊತ್ತಿತ್ತಾ?"

ಜೇಬೆಜ್ ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ಸುತ್ತಿಸಿದ. "ಗೊತ್ತಿತ್ತು ಸ್ವಾಮಿ. ಮೊದಲ ವರ್ಷಾನೇ ಹೋಗಿ ಹೇಳಿದ್ದೆ. ದೊಡ್ಡ ಧಣಿಗಳು ಏನಂದ್ರು ಅಂದ್ರೆ, ‘ಅವಳನ್ನ ಬಿಟ್ಬಿಡು, ರಂಪ ಮಾಡ್ಬೇಡ. ಹತ್ತಬಹುದು ಅಂತ ಉಳಿದೋರಿಗೆ ಗೊತ್ತಾದ್ರೆ ಎಲ್ರೂ ಹತ್ತುತ್ತಾರೆ.’"

ಅಬ್ಬಾ! ಆ ಮಾತು ಕೇಳಿ ಕೆಳಕೇರಿಯವರ ಮುಖ ನೋಡಬೇಕಿತ್ತು. ಕೆನ್ನೆಗೆ ಬಾರಿಸಿದ್ದರೂ ಅಷ್ಟು ಕೆಂಪಾಗುತ್ತಿರಲಿಲ್ಲ. ವಕೀಲ ಎದ್ದು ಏನೇನೋ ಹೇಳಿದ, ಆದರೆ ದನಿಯಲ್ಲಿ ಸಕ್ಕರೆ ಕರಗಿಹೋಗಿತ್ತು. ಯಜಮಾನನಿಗೆ ಗೊತ್ತಿದ್ದೂ ದಾಟುವವರನ್ನು ತಡೆಯದ ಬೀಗವನ್ನು ಬೀಗ ಎನ್ನಲಾಗದು ಎಂದು ಅಧಿಕಾರಿ ಕೆಲವು ವಾರದ ಮೇಲೆ ತೀರ್ಪು ಕಳಿಸಿದ. ದಾರಿ ಊರಿನದಾಯಿತು.

ಪ್ರಿಂಗಲ್ ಪಬ್ಬಿನಲ್ಲಿ ಎಲ್ಲರಿಗೂ ಬಿಯರ್ ಕುಡಿಸಿದ. ಚರ್ಚಿನ ಗಂಟೆ ಬಾರಿಸಿದರು. ಮಾರ್ಚ್ ತಿಂಗಳಲ್ಲಿ ಜೇಬೆಜ್‌ನನ್ನು ಕಾವಲು ಮನೆಯಿಂದ ಹೊರಗೆ ಹಾಕಿದರು.

ಅವನು ತನ್ನ ಮಂಚ, ಕೆಟಲ್, ಒಂದು ಗಡಿಯಾರವನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಊರ ನಡುವಿನ ಹುಲ್ಲುಹಾಸಿನ ಮೇಲೆ ಬಂದು ನಿಂತ. ಸಣ್ಣಗೆ ಮಳೆ. ಮನೆಮನೆಯ ಕಿಟಕಿಯಲ್ಲಿ ಪರದೆ ಅಲ್ಲಾಡಿತೇ ಹೊರತು ಒಂದು ಬಾಗಿಲು ತೆರೆಯಲಿಲ್ಲ. ಅವನ ಮಾತಿನಿಂದ ಸಿಕ್ಕ ದಾರಿಯಲ್ಲಿ ಆವತ್ತು ಬೆಳಿಗ್ಗೆಯೂ ನಡೆದು ಬಂದವರು! ಪ್ರಿಂಗಲ್ ಛತ್ರಿ ಹಿಡಿದು ಹಾದುಹೋಗುತ್ತ, "ಛೇ, ಪಾಪ, ಏನ್ಮಾಡೋಕಾಗುತ್ತೆ ಹೇಳಿ," ಎಂದು ಗಾಳಿಗೆ ಹೇಳಿ ಹೋದ. ಅಂಗಡಿಯ ಹಿಂದಿನ ಕೋಣೆ ಬಿಡಿಸಿಕೊಡೋಣವೆಂದು ನಾನು ಏಪ್ರನ್ ಬಿಚ್ಚಿ ಹೊರಗೆ ಬರುವಷ್ಟರಲ್ಲಿ ಕೆಜ್ಜಿ ಗಾಡಿಯ ಹಿಡಿಕೆ ಹಿಡಿದಾಗಿತ್ತು.

"ಒಳಗೆ ಬರ್ಬೇಕಾದ್ರೆ ಬೂಟು ಬಿಚ್ಬೇಕು. ಪೈಪು ಹೊರಗೆ. ತಿಳೀತಾ?"

"ತಿಳೀತು," ಎಂದ ಜೇಬೆಜ್.

ಆಮೇಲೆ ಊರಿನ ನಾಲಿಗೆಗೆ ಹಬ್ಬ. ದಾರಿಗಾಗಿ ಒಂದು ಮಾತೆತ್ತದವರಿಗೆ ಇದಕ್ಕೆ ಮಾತು ಎಲ್ಲಿಂದ ಬಂತೋ! ಮದುವೆಯಾಗದೆ ಒಂದೇ ಸೂರಿನಡಿ ಇದ್ದಾರಲ್ಲ ಎಂದು ಪಾದ್ರಿಯ ಹೆಂಡತಿ ನನ್ನ ಅಂಗಡಿಯಲ್ಲೇ ಕೆಜ್ಜಿಯನ್ನು ನಯವಾಗಿ ಕೇಳಿದಳು.

"ಅಮ್ಮಾವ್ರೇ," ಎಂದಳು ಕೆಜ್ಜಿ, "ನಮ್ಮಿಬ್ಬರ ಹಲ್ಲು ಸೇರಿಸಿದ್ರೂ ಒಂದು ಸೇಬು ಕಚ್ಚೋಕಾಗಲ್ಲ. ಇನ್ನು ಪಾಪ ಎಲ್ಲಿಂದ ಮಾಡ್ಲಿ?"

ಬೆಂಚು ಬಂದದ್ದು ಆ ಬೇಸಿಗೆಯಲ್ಲಿ. ಕೆಜ್ಜಿ ತಗಡನ್ನು ನಿಧಾನವಾಗಿ ಓದಿ, ಬುಟ್ಟಿಯಿಂದ ಪ್ರಿಂಗಲ್‌ನದೇ ಒಂದು ಒದ್ದೆ ಒಳಚಡ್ಡಿ ತೆಗೆದು ಅದರ ಮೇಲೆ ಒಣಹಾಕಿ ಮುಂದೆ ಹೋದಳು. ಅವಳಿಗೆ ಅಷ್ಟೇ ಸಾಕಾಯಿತು. ನನಗೆ ಸಾಕಾಗಲಿಲ್ಲ. ಅವನು ತಂಬಾಕಿಗೆ ಅಂಗಡಿಗೆ ಬಂದಾಗ ಹಿಡಿದುಕೊಂಡೆ.

"ಕೆಜ್ಜಿ ಹೆಸರೆಲ್ಲಿ? ಜೇಬೆಜ್ ಹೆಸರೆಲ್ಲಿ?"

"ನೋಡಿ ಲೆಟ್ಟಿ, ಒಬ್ಬೊಬ್ಬರದೂ ಹಾಕ್ತಾ ಹೋದ್ರೆ ತಗಡಿನಲ್ಲಿ ಜಾಗ ಬೇಡ್ವಾ?"

"ಒಂದು ಹೆಸರಿಗೆ ಜಾಗ ಇತ್ತಲ್ಲ!"

"ನನ್ನದು ಹಾಕಿದ್ದು ಅಧ್ಯಕ್ಷ ಅನ್ನೋ ಸ್ಥಾನಕ್ಕೆ," ಎಂದು ಹಲ್ಲುಗಿಂಜಿದ. ಆವತ್ತಿನಿಂದ ಅವನು ಪಕ್ಕದೂರಿನಿಂದ ತಂಬಾಕು ತರಿಸಿಕೊಳ್ಳುತ್ತಾನೆ. ನನಗೇನೂ ನಷ್ಟವಿಲ್ಲ.

ಕಿರಿಯ ಥ್ರೇಲ್ ಸೋತು ಸುಮ್ಮನಿರುವ ಜಾತಿಯವನಲ್ಲ. ದೊಡ್ಡ ಗೇಟಿಗೆ ಸರಪಳಿಯನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಕಬ್ಬಿಣದ ಒಂದು ತಿರುಗುಗೇಟು ಹಾಕಿಸಿದ. ಒಬ್ಬೊಬ್ಬರೇ ಹೊಟ್ಟೆ ಒಳಗೆಳೆದುಕೊಂಡು ತೂರಬೇಕು. ಕಾನೂನು ದಾರಿ ಕೊಡು ಎಂದಿತು, ಕೊಟ್ಟಿದ್ದೇನೆ ಎಂಬ ಧಿಮಾಕು. ಕೆಜ್ಜಿ ವರ್ಷವಿಡೀ ಅದರಲ್ಲಿ ಬುಟ್ಟಿಯನ್ನು ತಲೆಯ ಮೇಲೆತ್ತಿ ತೂರಿ ಬರುತ್ತಿದ್ದಳು. ಕ್ರಿಸ್‌ಮಸ್ ದಿನ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ, ದೊಡ್ಡ ಗೇಟನ್ನೇ ಹತ್ತುತ್ತಿದ್ದಳು. ಜೇಬೆಜ್ ಬುಟ್ಟಿ ಹಿಡಿದುಕೊಂಡು ಆ ಕಡೆ ತಿರುಗಿ ನಿಲ್ಲುತ್ತಿದ್ದ.

ಹೀಗೆ ಕೆಲವು ವರ್ಷ. ಒಂದು ಫೆಬ್ರವರಿಯಲ್ಲಿ ಎದೆಗೆ ಶೀತ ಇಳಿದು ಕೆಜ್ಜಿ ಮಲಗಿದವಳು ಮತ್ತೆ ಏಳಲಿಲ್ಲ. ಮಗುವಿನ ಪಕ್ಕದಲ್ಲೇ ಮಣ್ಣಾಗಬೇಕೆಂದು ಎಂದೋ ಹೇಳಿಟ್ಟಿದ್ದಳು. ಹಳ್ಳ ಉಕ್ಕಿ ಸೇತುವೆ ಮುಳುಗಿತ್ತು, ಶವದ ಮೋಟಾರು ಕೆಳಕೇರಿಗೆ ಬರುವ ಹಾಗಿರಲಿಲ್ಲ. ಪ್ರಿಂಗಲ್ ಕರಿ ಕೈಗವಸು ತೊಟ್ಟು ಬಂದ. ಇಂಥ ಹೊತ್ತಿಗೆ ಅವನು ತಪ್ಪದೆ ಬರುತ್ತಾನೆ.

"ಹೊಲದ ದಾರೀಲಿ ತರೋಕಾಗಲ್ಲ, ಆ ತಿರುಗುಗೇಟಲ್ಲಿ ಪೆಟ್ಟಿಗೆ ಹಿಡಿಸಲ್ಲ. ನೀರು ಇಳಿಯೋವರೆಗೂ ಕಾಯೋಣ. ಇಲ್ಲಾಂದ್ರೆ ನಾನೇ ದೊಡ್ಡಮನೆಗೆ ಹೋಗಿ ದೊಡ್ಡ ಗೇಟಿನ ಕೀಲಿ ಕೇಳ್ಕೊಂಡು ಬರ್ತೀನಿ. ಸಾವಿನ ವಿಷಯ, ಇಲ್ಲ ಅನ್ನಲ್ಲ. ಧಣಿಗಳು ದಯಾವಂತರು."

ಪೆಟ್ಟಿಗೆಯ ಪಕ್ಕ ಕೂತಿದ್ದ ಜೇಬೆಜ್ ತಲೆಯೆತ್ತಿದ. ಅವನು ಸಿಟ್ಟಾದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

"ಕೀಲಿ ಕೇಳಿದ್ರೆ ನೋಡು ಮತ್ತೆ! ಕೇಳಿ ತಂದ್ರೆ ಅದು ಅವನ ದಯೆ ಆಗುತ್ತೆ. ಆಯುಷ್ಯವಿಡೀ ಗೇಟು ಹತ್ತಿದೋಳನ್ನ ಸತ್ತ ಮೇಲೆ ದಯೆ ಮೇಲೆ ಮಲಗಿಸ್ತೀಯೇನೋ?"

ಆಲ್ಬರ್ಟ್ ಸ್ನೆಲ್ ಎದ್ದು ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದ. "ಹಿಡೀರಿ," ಎಂದ.

ಕೆಳಕೇರಿಯ ಗಂಡಸರು ಹೊತ್ತರು. ಹೆಂಗಸರು, ಶಾಲೆಯ ಮಕ್ಕಳು, ನಾನು ಹಿಂದೆ ನಡೆದೆವು. ದೊಡ್ಡಮನೆಯ ಕಿಟಕಿಗಳೆಲ್ಲ ಆ ಹೊಲಕ್ಕೇ ಮುಖ ಮಾಡಿವೆ, ಎಲ್ಲವೂ ಕಾಣುತ್ತದೆ. ನಮ್ಮನ್ನು ನೋಡಿದವರು ಎಷ್ಟು ಜನವೋ ಗೊತ್ತಿಲ್ಲ. ಹೊತ್ತವರೆಲ್ಲ ದೊಡ್ಡಮನೆ ಕೊಟ್ಟ ಸೂರಿನಡಿ ಬಾಳುವವರೇ, ಒಬ್ಬನೂ ತಲೆ ತಗ್ಗಿಸಲಿಲ್ಲ. ಗೇಟಿನ ಬಳಿ ಪೆಟ್ಟಿಗೆಯನ್ನು ಹುಲ್ಲಿನ ಮೇಲಿಳಿಸಿದರು. ಅಪ್ಪನ ಕಾಲದಿಂದ ತಾವು ಎಂದೂ ದಾಟಿಲ್ಲವೆಂದು ಎದೆ ತಟ್ಟಿಕೊಂಡಿದ್ದ ಆಲ್ಬರ್ಟ್ ಸ್ನೆಲ್, ಬೀಗ ಹಾಕಿದ ಆ ಗೇಟನ್ನು ಎಲ್ಲರಿಗಿಂತ ಮೊದಲು ಹತ್ತಿದ. ಮೇಲಿನ ಪಟ್ಟಿಯಲ್ಲಿ ಪ್ಯಾಂಟು ಸಿಕ್ಕಿಕೊಂಡು ಹರಿಯಿತು. ಯಾರೂ ನಗಲಿಲ್ಲ. ಇನ್ನೂ ಮೂವರು ಆಚೆ ಹೋಗಿ ಕೈ ಚಾಚಿ ನಿಂತರು.

ಈಚೆಯವರು ಪೆಟ್ಟಿಗೆ ಎತ್ತಿದರು. ಜೇಬೆಜ್ ನನ್ನ ಪಕ್ಕ ನಿಂತಿದ್ದ. ಕೈಯಲ್ಲಿ ಅವಳ ಒಗೆಯುವ ಬುಟ್ಟಿ, ಅದರೊಳಗೆ ಹಾಲಿ ಕೊಂಬೆ. ಪೆಟ್ಟಿಗೆ ಮೇಲೇರುತ್ತಿದ್ದ ಹಾಗೆ ಅವನು ಮೆಲ್ಲಗೆ ಆ ಕಡೆ ತಿರುಗಿಕೊಂಡ. ಪೈಪನ್ನು ಬಾಯಿಗಿಟ್ಟ, ಹಚ್ಚಲಿಲ್ಲ. ಅವನ ಬೆನ್ನ ಹಿಂದೆ ಮರ ಮರಕ್ಕೆ ಉಜ್ಜಿದ ಸದ್ದು, ಗಂಡಸರ ಏದುಸಿರು, ಸರಪಳಿ ಗಲಗಲ ಎಂದದ್ದು ಕೇಳಿತು. ಆಮೇಲೆ ಎಲ್ಲ ನಿಂತಿತು.

"ದಾಟಿದಳಾ?" ಎಂದು ಕೇಳಿದ.

"ದಾಟಿದಳು ಕಣಪ್ಪ," ಎಂದೆ.

ಆಗ ಅವನು ಇತ್ತ ತಿರುಗಿದ.